ಎರಡು ವಾರದ ಸಡಿಲ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಟ್ಟುತ್ತಿರುವ ಆಸ್ಪತ್ರೆಯ ನಾಲ್ಕನೆಯ ಮಹಡಿಯ ಸಣ್ಣ ಕೋಣೆಯೊಂದರಲ್ಲಿ ಒಬ್ಬ ಹೆಂಗಸು ಮೊಣಕಾಲೂರಿ ಕೂತು ನೆಲಕ್ಕೆ ಅಂಗೈ ಒತ್ತಿ ನೋಡುತ್ತಿದ್ದಾರೆ. ಹೊಸ ಟೈಲ್ಸ್. ಸಂದಿಗೆ ತುಂಬಿದ ಸಿಮೆಂಟು ಇನ್ನೂ ಬೆರಳಿಗೆ ಅಂಟುತ್ತದೆ. ಎದ್ದು ಗೋಡೆಯ ಹತ್ತಿರ ಹೋಗುತ್ತಾರೆ. ಕೊಳವೆಗಳ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದೆ, ಒಂದಕ್ಕೊಂದು ಕೂಡಿಸಿಲ್ಲ. ವಿದ್ಯುತ್ ಪೆಟ್ಟಿಗೆ ಇರಬೇಕಾದ ಜಾಗದಲ್ಲಿ ನಾಲ್ಕು ಬೋಲ್ಟುಗಳು ಗೋಡೆಯಿಂದ ಹೊರಗೆ ಇಣುಕುತ್ತಿವೆ.

"ಮೂರೂ ಬಾಕಿ" ಎನ್ನುತ್ತಾರೆ, ಯಾರಿಗೂ ಅಲ್ಲದೆ.

ಕೆಲಸಗಾರರು ಇವರನ್ನು ಕರೆಯುವುದು ದಾರದಮ್ಮ ಎಂದು. ಇಟ್ಟಿಗೆ ಹೊರುವುದಿಲ್ಲ, ಕರಣೆ ಹಿಡಿಯುವುದಿಲ್ಲ. ಯಾವ ಕೆಲಸ ಯಾವಾಗ ಶುರುವಾಗಬೇಕು, ಅದು ಮುಗಿಯದೆ ಯಾವುದು ಶುರುವಾಗಬಾರದು, ಇರುವ ಜನ ಯಾವತ್ತು ಯಾವ ಮಹಡಿಯಲ್ಲಿರಬೇಕು ಎಂದು ಗೊತ್ತು ಮಾಡುವುದು ಇವರ ಉದ್ಯೋಗ. ತಗಡಿನ ಶೆಡ್ಡಿನ ಗೋಡೆಯ ತುಂಬ ಚೀಟಿಗಳು, ಒಂದೊಂದು ಚೀಟಿ ಒಂದೊಂದು ಕೆಲಸ, ಆರುನೂರಕ್ಕೂ ಹೆಚ್ಚು. ನಡುವೆ ಬಿಳಿ ದಾರಗಳು. ಒಂದೇ ಒಂದು ಕೆಂಪು ದಾರ ಈ ತುದಿಯಿಂದ ಆ ತುದಿಯವರೆಗೆ ಹಾದುಹೋಗುತ್ತದೆ. ಅದರ ಮೇಲಿರುವ ಯಾವ ಕೆಲಸ ಒಂದು ದಿನ ಜಾರಿದರೂ ಇಡೀ ಆಸ್ಪತ್ರೆ ಒಂದು ದಿನ ಜಾರುತ್ತದೆ.

"ಮನೇಲಿ ಎಲ್ರೂ ಬೆಳಿಗ್ಗೆ ಒಟ್ಟಿಗೆ ಹೊರಡ್ಬೇಕು ಅನ್ಕೊಳ್ಳಿ" ಎಂದು ಅವರು ವಿವರಿಸುತ್ತಾರೆ. "ಇರೋದು ಒಂದೇ ಬಚ್ಚಲು. ಒಬ್ರು ಎಷ್ಟು ಬೇಗ ತಲೆ ಬಾಚ್ಕೊಂಡ್ರೂ ಅಷ್ಟೇ, ಇನ್ನೊಬ್ರು ಇಸ್ತ್ರಿ ಮಾಡ್ಕೊಂಡ್ರೂ ಅಷ್ಟೇ. ಬಚ್ಚಲಿನ ಸರದೀಲಿ ಕೊನೇಲಿರೋನು ಹೊರಗೆ ಬಂದ್ಮೇಲೇನೇ ಮನೆಗೆ ಬೀಗ. ಆ ಸರದೀನೇ ಕೆಂಪು ದಾರ. ತಲೆ ಬಾಚೋನಿಗೆ ಸ್ವಲ್ಪ ಸಡಿಲ ಇರುತ್ತೆ, ಹಾಡು ಹೇಳ್ಕೊಂಡು ಬಾಚಬಹುದು."

ಇವತ್ತು ಬೆಳಿಗ್ಗೆ ಅಂಗೈಗೆ ತಾಗಿದ ಆ ಹಸಿ ನೆಲ ಕೆಂಪು ದಾರದ ಮೇಲಿರಲಿಲ್ಲ. ಅದಕ್ಕೇ ಯಾರೂ ಹೆದರಿರಲಿಲ್ಲ.

ಆ ಕೋಣೆ ನೀರು ಶುದ್ಧ ಮಾಡುವ ಕೋಣೆ. ಪಕ್ಕದ ಹಾಲ್‌ನಲ್ಲಿ ಮೂತ್ರಪಿಂಡ ಸೋತವರ ರಕ್ತ ಶುದ್ಧಿಯ ಯಂತ್ರಗಳು ಬರಬೇಕು, ಅವು ನಡೆಯುವುದೇ ಈ ನೀರಿನಿಂದ; ಒರಗು ಕುರ್ಚಿಗಳು ಆಗಲೇ ಬಂದು ಪ್ಲಾಸ್ಟಿಕ್ ಹೊದ್ದು ಕೂತಿವೆ, ಯಾರೋ ಸತ್ತ ಮನೆಯ ಪೀಠೋಪಕರಣದ ಹಾಗೆ. ಈ ಹಾಲ್ ತೆರೆಯುವ ದಿನಕ್ಕಾಗಿ ಕಾಯುತ್ತಿರುವವರಲ್ಲಿ ಒಬ್ಬರು ದಾರದಮ್ಮನ ಅಕ್ಕ.

ತಾಯಿ ಹೋದ ಮೇಲೆ ತಂಗಿಯನ್ನು ಸಾಕಿದ್ದು ಈ ಅಕ್ಕನೇ. ಹೊಲಿಗೆ ಯಂತ್ರ ತುಳಿದು ಸಂಜೆ ಕಾಲೇಜಿಗೆ ಕಳಿಸಿದರು. ಇಬ್ಬರೂ ಮದುವೆಯಾಗಲಿಲ್ಲ, ಅದರ ಬಗ್ಗೆ ಕೇಳಿದರೆ ಅಕ್ಕ "ನಮ್ಮಿಬ್ರನ್ನ ಒಟ್ಟಿಗೆ ಸಹಿಸ್ಕೊಳ್ಳೋ ಗಂಡು ಸಿಗ್ಲಿಲ್ಲ" ಎಂದು ಮಾತು ಮುಗಿಸುತ್ತಾರೆ. ಈಗ ವಾರಕ್ಕೆ ಮೂರು ಸಲ ಬಾಡಿಗೆ ಗಾಡಿಯೊಂದು ಅವರನ್ನು ದೂರದ ನಗರಕ್ಕೆ ಕರೆದೊಯ್ಯುತ್ತದೆ. ಯಂತ್ರದ ಮುಂದೆ ಕಳೆಯುವ ಹೊತ್ತಿಗಿಂತ ರಸ್ತೆಯಲ್ಲಿ ಕಳೆಯುವ ಹೊತ್ತೇ ಜಾಸ್ತಿ. ವಾಪಸ್ಸು ಬರುವಾಗ ವಾಂತಿ, ಬೆವರು, ಮನೆ ಮೆಟ್ಟಿಲ ಮೇಲೆ ಕೂತೇ ಬಿಡುವುದು. ಒಮ್ಮೆ ಆ ನಗರದಲ್ಲೇ ಕೋಣೆ ಹಿಡಿದು ನೋಡಿದರು. ಒಬ್ಬರೇ ಏಳಲಾಗದೆ ಎರಡು ದಿನ ಹಾಸಿಗೆಯಲ್ಲೇ ಬಿದ್ದಿದ್ದು, ಹಿಂದಿರುಗಿದರು. ತಂಗಿಯೂ ಅಲ್ಲಿಗೆ ಹೋದರೆ ದುಡಿಯುವವರು ಯಾರು? ಹೃದಯ ಈ ಓಡಾಟವನ್ನು ಹೆಚ್ಚು ಕಾಲ ತಡೆಯುವುದಿಲ್ಲ, ಹತ್ತಿರದಲ್ಲೇ ಯಂತ್ರ ಬಂದರೆ ನೋಡೋಣ ಎಂದು ವೈದ್ಯರು ಹೇಳಿದ ಮೇಲೆ ಮನೆಯಲ್ಲಿ ದಿನಾ ಸಂಜೆ ಒಂದೇ ಪ್ರಶ್ನೆ: "ನಿನ್ನ ಕಟ್ಟಡ ಎಲ್ಲಿಗೆ ಬಂತು?"

ಬೇಸಗೆ ಮುಗಿಯುವ ಮೊದಲು ಎಂದು ತಂಗಿ ಹೇಳಿದ್ದರು. ಅಕ್ಕ ಹಲ್ಲು ಕಚ್ಚಿಕೊಂಡು ಗಾಡಿ ಹತ್ತುತ್ತಿರುವುದು ಆ ಮಾತಿನ ಮೇಲೆ.

ಶೆಡ್ಡಿಗೆ ಮೇಸ್ತ್ರಿಗಳು ಬರುತ್ತಾರೆ. ಮೊದಲು ಟೈಲ್ಸ್ ಮೇಸ್ತ್ರಿ, ಕೈಯಲ್ಲಿ ಟೀ ಲೋಟ.

"ಏನಣ್ಣ, ನಾಲ್ಕನೇ ಮಹಡಿ ನೆಲ ಇನ್ನೂ ಹಸಿ ಇದೆ?"

"ನೀವೇ ಹೇಳಿದ್ರಲ್ಲಮ್ಮ, ಎರಡು ವಾರ ಸಡಿಲ ಇದೆ ಅಂತ. ಕೆಳಗೆ ಮುಂಬಾಗಿಲ ನೆಲ ಅರ್ಜೆಂಟು ಅಂದ್ರು, ಅಲ್ಲಿಗೆ ಹೋದೆ. ಒಂದು ದಿನಾನೂ ಮೀರಿಲ್ಲ, ಲೆಕ್ಕ ಹಾಕ್ಕೊಳ್ಳಿ."

ಕೊಳವೆ ಮೇಸ್ತ್ರಿ ಬಾಗಿಲಲ್ಲೇ ನಿಂತು ನಗುತ್ತಾನೆ. "ದಾರದಮ್ಮ, ಬೆಳಿಗ್ಗೆ ಬೆಳಿಗ್ಗೆ ಆ ದಾರಾನ ನನ್ನ ಕುತ್ತಿಗೆಗೆ ಸುತ್ತಬೇಡಿ. ನೆಲ ಒಣಗ್ಲಿ. ನನಗೂ ಎರಡು ವಾರ ಇದೆಯಲ್ಲ? ನನ್ನ ಹುಡುಗ್ರನ್ನ ನರ್ಸುಗಳ ವಸತಿಗೆ ಕಳಿಸ್ಬಿಟ್ಟೆ. ಒಂದು ಕೆಲ್ಸ ಒಪ್ಕೊಂಡ್ಮೇಲೆ ನಡುವೆ ಬಿಟ್ಟು ಬರೋಕಾಗಲ್ಲ."

"ನಿಮಗೂನಾ?"

"ಕೇಳಿದ್ನಲ್ಲ ಮೊನ್ನೆ. ಇದೆ ಅಂದ್ರಿ."

ಕರೆಂಟಿನವನು ಬಾಯಿ ತೆರೆಯುವ ಮೊದಲೇ ದಾರದಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಅವನೂ ಅದನ್ನೇ ಹೇಳುತ್ತಾನೆ. "ಪೆಟ್ಟಿಗೇನ ತಡವಾಗಿ ತರಿಸಿದ್ರಾಯ್ತು ಅನ್ಕೊಂಡೆ, ಎರಡು ವಾರ ಇತ್ತಲ್ಲ."

ನೆಲ, ಕೊಳವೆ, ಕರೆಂಟು ಒಂದರ ಹಿಂದೆ ಒಂದು ನಡೆಯಬೇಕಾದ ಕೆಲಸ. ಆ ಸಾಲಿಗೆಲ್ಲ ಸೇರಿ ಇದ್ದ ಸಡಿಲ ಒಟ್ಟು ಎರಡೇ ವಾರ. ಮೊದಲನೆಯವನು ಬಳಸಿದರೆ ಮುಂದಿನವರಿಗೆ ಏನೂ ಉಳಿಯುವುದಿಲ್ಲ. ಆದರೆ ಮೂವರೂ ಬೇರೆ ಬೇರೆ ದಿನ ಬಂದು ಕೇಳಿದ್ದರು, ಇವರು ಚೀಟಿ ನೋಡಿ ಉತ್ತರ ಕೊಟ್ಟಿದ್ದರು. ಯಾವ ಚೀಟಿಯಲ್ಲೂ ತಪ್ಪಿರಲಿಲ್ಲ.

"ಮೂರು ಸಲಾನೂ ನಿಜಾನೇ ಹೇಳಿದೆ" ಎನ್ನುತ್ತಾರೆ ದಾರದಮ್ಮ. "ಮೂರೂ ಸೇರಿ ಸುಳ್ಳಾಯ್ತು."

ಟೈಲ್ಸ್ ಮೇಸ್ತ್ರಿ ಟೀ ಲೋಟ ಕೆಳಗಿಟ್ಟು, "ಜನ ಜಾಸ್ತಿ ಹಾಕೋಣ್ವಾ ಅಮ್ಮ?" ಎಂದು ಕೇಳುತ್ತಾನೆ. ಅವನಿಗೆ ಅಕ್ಕನ ವಿಷಯ ಗೊತ್ತು. ಆದರೆ ಆ ಕೋಣೆಯಲ್ಲಿ ಇಬ್ಬರು ನಿಂತರೆ ಮೂರನೆಯವನು ಬಾಗಿಲಾಚೆ. ನೆಲ ಒಣಗುವಷ್ಟೇ ಬೇಗ ಒಣಗುತ್ತದೆ. ಆಮೇಲೆ ನೀರಿನ ಪರೀಕ್ಷೆ. ಪ್ರಯೋಗಾಲಯದಲ್ಲಿ ಸೂಕ್ಷ್ಮಾಣುಗಳು ಯಾರ ಶಿಫಾರಸಿಗೂ ಬೇಗ ಬೆಳೆಯುವುದಿಲ್ಲ. ಇಷ್ಟೇ ಆಗಿದ್ದರೆ ಒಂದು ತಿಂಗಳ ಮಾತು. ಆದರೆ ಯಂತ್ರ ಜೋಡಿಸುವ ಕಂಪನಿಯ ತಂತ್ರಜ್ಞರು ಸರದಿಯ ಮೇಲೆ ಬರುವವರು, ನೀರು ತಯಾರಿಲ್ಲದಿದ್ದರೆ ಕಾಲಿಡುವುದೇ ಇಲ್ಲ. ದಾರದಮ್ಮ ಫೋನ್ ಮಾಡುತ್ತಾರೆ. ಆ ಕಡೆಯ ಹೆಣ್ಣು ದನಿ ಬಹಳ ವಿನಯದಿಂದ ಮುಂದಿನ ಸರದಿ ಹೇಳುತ್ತದೆ. ಚಳಿಗಾಲದ ನಡುವೆ.

ಅವರು ಕೆಂಪು ದಾರವನ್ನು ಮೊಳೆಗಳಿಂದ ಬಿಡಿಸಿ, ಆ ಸಣ್ಣ ಕೋಣೆಯ ಚೀಟಿಗಳ ಮೇಲೆ ಹಾಯಿಸಿ ಬಿಗಿಯುತ್ತಾರೆ. ಮುಖ್ಯ ಎಂಜಿನಿಯರು ಹಿಂದೆ ಬಂದು ನಿಲ್ಲುತ್ತಾರೆ.

"ಕೊನೇ ಚೀಟೀಲಿರೋ ಆಸ್ಪತ್ರೆ ತೆರೆಯೋ ತಾರೀಕು ಹಾಗೇ ಇರ್ಲಿ ಬಿಡಿ. ಈಗ್ಲೇ ಬದಲಾಯಿಸಿದ್ರೆ ಎಲ್ಲರ ಕೈಕಾಲು ಬಿದ್ದುಹೋಗುತ್ತೆ. ಸ್ವಲ್ಪ ದಿನ ನಂಬ್ಕೊಂಡು ಕೆಲ್ಸ ಮಾಡ್ಲಿ."

ಕೆಟ್ಟ ಮನುಷ್ಯನಲ್ಲ. ಹೇಳಿದ್ದರಲ್ಲಿ ಅರ್ಥವೂ ಇದೆ. ದಾರದಮ್ಮ ಕೊನೆಯ ಚೀಟಿಯ ಹತ್ತಿರ ಹೋಗುತ್ತಾರೆ. ಅದನ್ನು ಕಿತ್ತು ಹೊಸದು ಬರೆದು ಅಂಟಿಸುತ್ತಾರೆ. ಎಂಜಿನಿಯರು ಹೊರಗೆ ಹೋಗುತ್ತಾರೆ.

ಸಂಜೆ ಮನೆಯಲ್ಲಿ ಅಕ್ಕ ಕಿಟಕಿ ಪಕ್ಕ ಕೂತಿದ್ದಾರೆ. ಹೊಲಿಗೆ ಯಂತ್ರದ ಮೇಲೆ ಔಷಧಿ ಡಬ್ಬಗಳು. ಊದಿದ ಪಾದ ಸ್ಟೂಲಿನ ಮೇಲೆ.

"ಎಲ್ಲಿಗೆ ಬಂತು?"

ತಂಗಿ ಕೈಚೀಲ ಇಡುವುದಕ್ಕೇ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ. ಆಮೇಲೆ ಹೇಳುತ್ತಾರೆ. ನೆಲದಿಂದ ಶುರು ಮಾಡಿ ಸರದಿಯವರೆಗೆ, ಯಾವುದನ್ನೂ ಮುಚ್ಚಿಡದೆ.

ಅಕ್ಕ ಕೇಳಿಸಿಕೊಂಡು ತಲೆಯಾಡಿಸುತ್ತಾರೆ. "ಬೇರೆ ಯಾರಾದ್ರೂ ಹೇಳಿದ್ದಿದ್ರೆ, ಹೋಗ್ಲಿ, ಹಿಂದೆ ಮುಂದೆ ಆಗುತ್ತೆ ಅನ್ಕೋತಿದ್ದೆ. ನೀನು ಹೇಳಿದ್ಮೇಲೆ ಅಷ್ಟೇ. ನಿನ್ನ ಲೆಕ್ಕ ನನಗೆ ಗೊತ್ತಿಲ್ವಾ?"

"ಅಕ್ಕ, ನಾನೇ ಅವರಿಗೆ..."

"ಸಾಕು ಬಿಡೇ. ಬೇಸಗೆ ಮುಗಿಯೋವರೆಗೆ ಅಂತ ಮೈಯನ್ನ ಒಪ್ಪಿಸಿದ್ದೆ. ಚಳೀವರೆಗೆ ಅಂದ್ರೆ ಇದು ಕೇಳಲ್ಲ. ಸೋಮವಾರದಿಂದ ಗಾಡಿ ಬೇಡ ಅಂತ ಹೇಳ್ಬಿಡು."

"ಹುಚ್ಚು ಮಾತಾಡ್ಬೇಡ. ಗಾಡಿ ಬೇಡ ಅಂದ್ರೆ ಏನಾಗುತ್ತೆ ಗೊತ್ತಲ್ಲ ನಿನಗೆ?"

"ಗೊತ್ತಿರೋದ್ರಿಂದ್ಲೇ ಹೇಳ್ತಿರೋದು. ಒಂದು ವಾರ ಮನೇಲಿ, ನನ್ನ ಹಾಸಿಗೇಲಿ ಮಲಗ್ತೀನಿ. ಆ ರಸ್ತೆ ಗುಂಡೀಲಿ ಬೇಡ." ಅಕ್ಕ ಕಿಟಕಿ ಕಡೆ ತಿರುಗುತ್ತಾರೆ. "ನೀನೂ ಜೊತೆಗೆ ರಜ ಹಾಕಿ ಕೂತ್ಕೋಬೇಡ. ನಿನ್ನ ಮುಖ ನೋಡ್ಕೊಂಡು ಸಾಯೋದು ಬೋರು."

ಇಬ್ಬರೂ ನಗುತ್ತಾರೆ. ತಂಗಿ ಮೊದಲು ನಿಲ್ಲಿಸುತ್ತಾರೆ.

ಮರುದಿನ ಬೆಳಿಗ್ಗೆ ಅದೇ ಮಹಡಿ. ನೆಲ ಒಣಗಿದೆ. ದಾರದಮ್ಮ ಅಂಗೈ ಒತ್ತಿ, ಖಾತ್ರಿ ಮಾಡಿಕೊಂಡು, ನರ್ಸುಗಳ ವಸತಿ ಮುಗಿದ ಕೂಡಲೇ ಬರುವಂತೆ ಕೊಳವೆಯವರಿಗೆ ಹೇಳುತ್ತಾರೆ. ಅಕ್ಕನಿಗೆ ಹಳೆಯ ತಾರೀಕನ್ನೇ ಹೇಳಿಬಿಡಬಹುದಿತ್ತಲ್ಲ ಎಂದು ಕೇಳಿದರೆ, ಉತ್ತರ ಕೊಡುವ ಮೊದಲು ಕೈಯ ಧೂಳು ಕೊಡವುತ್ತಾರೆ.

"ಹೇಳಬಹುದಿತ್ತು. ನಂಬ್ತಿದ್ಲು. ಅದಕ್ಕೇ ಆಗ್ಲಿಲ್ಲ."

ಕೆಳಗೆ ಕ್ರೇನು ಶುರುವಾಗುತ್ತದೆ, ಸ್ವಲ್ಪ ಹೊತ್ತು ಮಾತು ಕೇಳಿಸುವುದಿಲ್ಲ. ಅದು ನಿಂತ ಮೇಲೆ ಅವರು ಸೇರಿಸುತ್ತಾರೆ:

"ಗಾಡಿಯವನಿಗೆ ನಾನಿನ್ನೂ ಫೋನ್ ಮಾಡಿಲ್ಲ. ಸೋಮವಾರ ಬರ್ತಾನೆ, ಹಾರನ್ ಹೊಡೀತಾನೆ. ಅವಳು ನನಗೆ ಬಾಯಿಗೆ ಬಂದ ಹಾಗೆ ಬಯ್ಲಿ. ಬಯ್ಕೊಂಡೇ ಚಪ್ಪಲಿ ಮೆಟ್ಕೊಂಡ್ರೆ ಸಾಕು."