ಒಂದು ದೊಡ್ಡ ನಷ್ಟದ ಹಾಡು

ದೋಹಾ ಹತ್ತಿರದ ಮೆಸಯೀದಿನ ಪ್ಲಾಂಟಿನಲ್ಲಿ ನನ್ನ ಬಾಸ್ ಆಗಿದ್ದವರು ಸ್ಕಾಟ್‌ಲೆಂಡಿನವರು. ಅವರ ಇಂಗ್ಲಿಷ್ ಅರ್ಥವಾಗಲು ನಮಗೆಲ್ಲ ವರ್ಷಗಳೇ ಹಿಡಿದವು. ಅರ್ಥವಾಗುವ ಹೊತ್ತಿಗೆ ಅವರು ನಿವೃತ್ತರಾಗುವ ಕಾಲ ಬಂತು. ಆಗ ನನ್ನನ್ನು ಕ್ಯಾಬಿನ್ನಿಗೆ ಕರೆದು ಒಂದು ಹಳೆಯ ಪುಸ್ತಕದ ಜೆರಾಕ್ಸ್ ಕೊಟ್ಟರು. ಹದಿನೆಂಟನೆಯ ಶತಮಾನದಲ್ಲಿ ಅವರ ಪೂರ್ವಜರೊಬ್ಬರು ಎಡಿನ್‌ಬರೋದಲ್ಲಿ ಅಂಗಡಿ ಇಟ್ಟುಕೊಂಡು, ಊರೂರಿನ ಹಾಡುಗಳನ್ನು ಲೋಹದ ತಗಡಿನ ಮೇಲೆ ಕೊರೆಸಿ, ಸ್ವರಲಿಪಿ ಸಮೇತ ಅಚ್ಚು ಹಾಕುತ್ತಿದ್ದರಂತೆ. ಪುಸ್ತಕ ಯಾರಿಗೂ ಬೇಕಾಗಲಿಲ್ಲ. ಮನೆಯವರೇ ಆ ಪುಣ್ಯಾತ್ಮನನ್ನು ತಲೆತಲಾಂತರದಿಂದ ಗೇಲಿ ಮಾಡುತ್ತ ಬಂದಿದ್ದಾರೆ. ಅವರಲ್ಲಿ ಒಬ್ಬರಿಗೂ ಸ್ವರ ಓದಲು ಬಾರದು. ನನ್ನ ಹೆಂಡತಿ ಇಗರ್ಜಿಯ ಕ್ವಾಯರ್ ನಡೆಸುತ್ತಾಳೆಂದು ಬಾಸಿಗೆ ಗೊತ್ತಿತ್ತು. ಇದರಲ್ಲಿ ಒಂದೇ ಒಂದು ಹಾಡನ್ನಾದರೂ ಸಾಯುವ ಮುಂಚೆ ಕಿವಿಯಾರೆ ಕೇಳಬೇಕು, ಬೀಳ್ಕೊಡುಗೆಯ ದಿನ ಹಾಡಿಸುತ್ತೀಯಾ ಎಂದು ಕೇಳಿದರು. ಪಾಪ ಅನಿಸಿತು.

ಹೆಂಡತಿ ಜೆರಾಕ್ಸ್ ನೋಡಿ ಮೂಗು ಮುರಿದಳು. ಮೇಲೊಂದು ರಾಗದ ಸಾಲು, ಕೆಳಗೊಂದು ಬೇಸ್ ಸಾಲು, ಅಷ್ಟೇ. ಆಲ್ಟೊ, ಟೆನರ್ ಎಂಬ ನಡುದನಿಗಳಿಲ್ಲದ ಹಾಡನ್ನು ಉಡುಪಿ-ಮಂಗಳೂರಿನ ಕ್ರೈಸ್ತರ ಮುಂದಿಡುವುದೆಂದರೆ ರೊಟ್ಟಿ ಬಡಿಸಿ ಕೋಳಿ ಸಾರು ಮರೆತ ಹಾಗೆ. ಅವಳೇ ಕೂತು ನಡುವಿನ ಸಾಲುಗಳನ್ನು ಬರೆದಳು. ಎಷ್ಟು ವೇಗವಾಗಿ ಹಾಡಬೇಕೆಂದು ಆ ಮಹರಾಯ ಎಲ್ಲೂ ಅಚ್ಚು ಹಾಕಿರಲಿಲ್ಲ. ಹಳೆಗಾಲದ ಸ್ಕಾಟ್ ಮಾತು ಬೇರೆ, ನಮಗೊಂದೂ ತಲೆಗೆ ಹತ್ತಲಿಲ್ಲ. ಅರ್ಥ ಕೇಳಿಕೊಂಡು ಬನ್ನಿ ಎಂದು ನನ್ನನ್ನು ಓಡಿಸಿದಳು. ಬಾಸ್ ಮುಖ ಗಂಟಿಕ್ಕಿಕೊಂಡು, ಮದುವೆಯ ಹಿಂದಿನ ದಿನ ಒಂದು ಮನೆಗೆ ಆದ ದೊಡ್ಡ ನಷ್ಟದ ಹಾಡು ಅಂದರು.

ಮದುಮಗಳೇ ತೀರಿಕೊಂಡಿರಬೇಕು ಎಂದು ಹೆಂಡತಿ ತೀರ್ಮಾನಿಸಿಬಿಟ್ಟಳು. ಮೇಲಿಂದ ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲ. ಕ್ವಾಯರಿನವರು ಯೇಸುವಿನ ಯಾತನೆಯ ಗೀತೆಗಳನ್ನೇ ಹಾಡಿ ಹಾಡಿ ಗಂಟಲನ್ನು ಅದಕ್ಕೇ ಹದಮಾಡಿಕೊಂಡಿದ್ದರು. ದೋಹಾ ಅಲ್ ಜದೀದಾದ ನಮ್ಮ ಫ್ಲಾಟಿನಲ್ಲಿ ಪ್ರಾಕ್ಟೀಸ್ ನಡೆಯುವಾಗ ಪಕ್ಕದ ಮಲಯಾಳಿ ಅಮ್ಮ ಬಾಗಿಲು ತಟ್ಟಿ, ಊರಿನಿಂದ ಏನಾದರೂ ಕೆಟ್ಟ ಸುದ್ದಿ ಬಂತೇ ಎಂದು ವಿಚಾರಿಸಿ ಹೋದರು.

ಬೀಳ್ಕೊಡುಗೆಯ ದಿನ ಕಂಪನಿಯ ಹಾಲ್‌ನಲ್ಲಿ ಬಿರಿಯಾನಿ ಕಾಯುತ್ತಿತ್ತು. ಕ್ವಾಯರ್ ಬಿಳಿ ಅಂಗಿಯಲ್ಲಿ ನಿಂತು ಶುರುಮಾಡಿತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನಮ್ಮವರೆಲ್ಲ ಕುರ್ಚಿ ಬಿಟ್ಟೆದ್ದು ತಲೆ ತಗ್ಗಿಸಿದರು. ನಮ್ಮವರು ಎದ್ದರೆಂದು ಉಳಿದವರೂ ಎದ್ದರು. ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ, ಉಳ್ಳಾಲದ ಬ್ಯಾರಿ, ನನ್ನ ಕಿವಿಯ ಹತ್ತಿರ ಬಗ್ಗಿ, "ಯಾರು ತೀರಿಕೊಂಡದ್ದು ಮಾರಾಯಾ?" ಅಂದ. ಹಾಡು ಮುಗಿದದ್ದೇ ತಡ, ಹಿಂದಿನಿಂದ ಯಾರೋ ಅಭ್ಯಾಸಬಲದಿಂದ ಆಮೆನ್ ಅಂದರು. ಇಡೀ ಹಾಲ್ ಆಮೆನ್ ಅಂದಿತು. ಉಳ್ಳಾಲದವನೂ ತನ್ನ ರೀತಿಯಲ್ಲಿ ಆಮೀನ್ ಅಂದ.

ಬಾಸ್ ಕರವಸ್ತ್ರದಿಂದ ಮುಖ ಮುಚ್ಚಿಕೊಂಡಿದ್ದರು, ಭುಜ ಅಲುಗುತ್ತಿತ್ತು. ಅಳಿಸಿಬಿಟ್ಟೆನಲ್ಲ ಎಂದು ನನ್ನ ಹೆಂಡತಿಗೆ ಹೆಮ್ಮೆ. ಕರವಸ್ತ್ರ ತೆಗೆದರೆ ಆಸಾಮಿ ನಗುತ್ತಿದ್ದಾರೆ! ಮದುವೆಯೂಟಕ್ಕೆಂದು ಸಾಕಿದ್ದ ಹಂದಿ ಹಗ್ಗ ಹರಿದುಕೊಂಡು, ಮದುಮಗನ ಹೊಸ ಚಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು ಪರಾರಿಯಾದ ಹಾಡಂತೆ ಅದು.

ಹೆಂಡತಿಗೆ ಪಿತ್ತ ನೆತ್ತಿಗೇರಿತು. ಹಂದಿ ಮಾಂಸ ಸುಲಭಕ್ಕೆ ಸಿಗದ ದೇಶದಲ್ಲಿದ್ದುಕೊಂಡು, ರಜೆಯಲ್ಲಿ ಊರಿಗೆ ಹೋದಾಗ ಮಾತ್ರ ಹಂದಿ ಬಾಫತ್ ಸಾರಿನ ಮುಖ ಕಾಣುವ ಜನ ನಾವು. ನಮ್ಮ ಹತ್ತಿರ ಇಂಥ ವಿಷಯ ಮುಚ್ಚಿಡುವುದೇ?

"ಮೊದಲೇ ಹೇಳುವುದಲ್ವಾ ಸರ್? ಹಂದಿ ಹೋದದ್ದು ಅಂತ ಗೊತ್ತಿದ್ದರೆ ನಾವು ಇನ್ನೂ ಚಂದ ಅಳುತ್ತಿದ್ದೆವು."

ಹಟಕ್ಕೆ ಬಿದ್ದು ಅವಳು ಅದೇ ಹಾಡನ್ನು ವೇಗವಾಗಿ ಹಾಡಿಸಿದಳು. ಟೆನರಿನವರು ಮುಂದೆ ಓಡಿದರು, ಆಲ್ಟೊದವರು ನಗು ತಡೆಯಲಾರದೆ ನಿಲ್ಲಿಸಿಯೇ ಬಿಟ್ಟರು. ಬಾಸ್ ಕೈಯೆತ್ತಿ ಖಲಾಸ್ ಅಂದರು. ಅವರ ನಗು ನಿಂತಿತ್ತು.

"ನಮ್ಮ ಮನೆಯವರು ಆ ಅಜ್ಜನನ್ನು ನೋಡಿ ನಕ್ಕದ್ದೇ ಬಂತು. ಅವನ ಹಾಡಿಗೆ ಎದ್ದು ನಿಂತವರನ್ನು ಇವತ್ತೇ ನಾನು ಕಂಡದ್ದು. ಮೊದಲಿನ ಹಾಗೆಯೇ ಇನ್ನೊಮ್ಮೆ ಹಾಡಿ."

ಬಿರಿಯಾನಿ ತಣ್ಣಗಾಗುತ್ತಿದ್ದರೂ ಯಾರೂ ಕೂರಲಿಲ್ಲ. ಹಂದಿ ಮತ್ತೊಮ್ಮೆ ನಿಧಾನವಾಗಿ ಕಳೆದುಹೋಗುವಾಗ ನಾನೂ ನಿಜಕ್ಕೂ ತಲೆ ತಗ್ಗಿಸಿದೆ. ಹಾಡು ಮುಗಿದಾಗ ಎಲ್ಲರಿಗಿಂತ ಮೊದಲು ಆಮೆನ್ ಅಂದವರು ಬಾಸ್.