ನಡುವೆ ಕೂತು ಕಲಿತ ಗೇರು

ಯಜಮಾನರ ಎಡ ಮಂಡಿಗೆ ಆಪರೇಷನ್ ಆದ ಬೇಸಿಗೆಯಲ್ಲಿ ನಮ್ಮ ನೀರಿನ ಟ್ಯಾಂಕರ್ ಓಡಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಮಂಡಿ ಉಳಿಯಿತಲ್ಲ, ಅದೇ ತಾಯಿ ಬನಶಂಕರಿಯ ದಯೆ ಎಂದುಕೊಂಡೆ. ಆದರೆ ಆ ಕಾಲಲ್ಲಿ ಕ್ಲಚ್ ತುಳಿಯುವ ಹಾಗಿರಲಿಲ್ಲ. ಇದ್ದ ಡ್ರೈವರ್ ಊರಿಗೆ ಹೋದವನು ಬರಲಿಲ್ಲ. ಮೈದುನನಿಗೆ ರಾತ್ರಿ ಪಾಳಿ. ಚಿಕ್ಕಲಸಂದ್ರದ ಅರ್ಧ ಬೀದಿ ನಮ್ಮ ಬೋರಿನ ನೀರಿಗೆ ಕಾಯುತ್ತಿತ್ತು. ಆಗ ಮೈದುನನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, "ನಾನು ಕಲೀತೀನಿ" ಎಂದಳು. ಅವಳಿಗೆ ಕಾರು ಬರುತ್ತಿತ್ತು. ದೊಡ್ಡ ಗಾಡಿಗೆ ಎಲ್‌ಎಲ್‌ಆರ್ ಮಾಡಿಸಿ, ಎಲ್ ಬೋರ್ಡನ್ನೂ ತಾನೇ ಅಂಟಿಸಿದಳು.

ನನಗೆ ಸ್ಕೂಟರೂ ಬರದು. ಮದುವೆಯಾದ ಹೊಸದರಲ್ಲಿ ಕಲಿಸಿ ಎಂದು ಕೇಳಿದ್ದೆ. "ನಿನಗ್ಯಾಕೆ ಅದೆಲ್ಲ? ಎಲ್ಲಿಗ್ ಹೋಗ್ಬೇಕು ಹೇಳು, ಬಿಡ್ತೀನಿ" ಎಂದಿದ್ದರು. ಬಿಟ್ಟಿದ್ದಾರೆ ಕೂಡ, ಇಲ್ಲ ಎನ್ನಲಾರೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಅಣ್ಣನಾದವನು ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವುದಿಲ್ಲ. ಅವಳ ಕೈಯಲ್ಲೇ ಸಾರಿನ ಪಾತ್ರೆಯಿದ್ದರೂ ಯಜಮಾನರು ನನ್ನ ಕಡೆ ತಿರುಗಿ "ಸಾರು ಹಾಕೋಕೆ ಹೇಳು" ಎನ್ನುತ್ತಾರೆ. ರಾಗಿ ಹೊಲವಿದ್ದ ಕಡೆ ಬಾಡಿಗೆ ಮನೆಗಳೆದ್ದರೂ ಅತ್ತೆ ಇದೊಂದನ್ನು ಬಿಟ್ಟಿಲ್ಲ.

"ಅವರಿಬ್ರೇ ಗಾಡೀಲಿ ಹೋಗೋದಾ? ನೀನೂ ಹೋಗು. ಮಧ್ಯ ಕೂತ್ಕೋ," ಎಂದರು ಅತ್ತೆ.

ಹೀಗೆ ನಾನು ಸುಡುವ ಎಂಜಿನ್ ಮುಚ್ಚಳದ ಮೇಲೆ ಕಂಬಳಿ ಮಡಿಸಿ ಹಾಕಿಕೊಂಡು ಕೂತೆ. ಬಲಕ್ಕೆ ಸ್ಟೀರಿಂಗ್ ಹಿಡಿದ ಅವಳು. ಎಡಕ್ಕೆ, ಬಾಗಿಲ ಪಕ್ಕ, ಯಜಮಾನರು. ನನ್ನ ಕಾಲಿಗೆ ತಾಗುತ್ತ ನಡುಗುವ ಗೇರ್ ಕಡ್ಡಿ.

"ಹಳೇ ಗಾಡಿ, ಕಾರಿನ ಥರ ಒಂದೇ ಏಟಿಗೆ ಬೀಳಲ್ಲ ಅಂತ ಹೇಳು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರ್ಲಿ. ಕ್ಲಚ್ ಬಿಡ್ಲಿ. ಮತ್ತೆ ಒತ್ತಿ ಮುಂದಿನ ಗೇರ್ ಹಾಕ್ಲಿ," ಎಂದರು.

"ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರ್ಬೇಕಂತೆ," ಎಂದು ಶುರು ಮಾಡಿದೆ.

ಎಲ್ಲ ಅವಳಿಗೆ ಕೇಳಿಸಿತ್ತು. ಆದರೂ ನಾನು ಹೇಳಿ ಮುಗಿಸುವ ತನಕ ಕಾದಳು. ಗೇರು ಕರಕರನೆ ಅರಚಿತು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಹೇಳಲಾರೆ.

ಯಜಮಾನರು ಬೈಯಲಿಲ್ಲ. "ಪರವಾಗಿಲ್ಲ ಅನ್ನು. ಮೊದ್ಲು ಎಲ್ರಿಗೂ ಹಿಂಗೇ. ಎಂಜಿನ್ ಸದ್ದಿಗೆ ಕಿವಿ ಕೊಡ್ಲಿ."

ಅಷ್ಟು ಮೆತ್ತಗಿನ ದನಿ ಅವರಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ. ಒಂದು ಹರಳು ಉಪ್ಪು ಹೆಚ್ಚಾದರೆ ತಟ್ಟೆ ಸರಿಸುವ ಮನುಷ್ಯ. ಆ ಮಾತನ್ನು ನನ್ನ ಬಾಯಿಂದಲೇ ಇನ್ನೊಬ್ಬಳಿಗೆ ಬಡಿಸಬೇಕು.

ಕೆಲವು ದಿನಗಳಲ್ಲಿ ಮೂರನೆಯ ಗೇರು ಸದ್ದಿಲ್ಲದೆ ಬಿತ್ತು. "ಸಖತ್ತಾಗಿ ಹಾಕಿದ್ಲು ಅಂತ ಹೇಳು," ಎಂದರು. ನಾನು ಕಿಟಕಿಯಾಚೆ ನೋಡಿದೆ.

"ಹೇಳೇ!"

"ಪರವಾಗಿಲ್ವಂತೆ," ಎಂದೆ.

"ಸಖತ್ ಅಂದಂಗಿತ್ತಲ್ಲ ಅಕ್ಕಾ, ದಾರೀಲಿ ನೀವೇ ಕಮಿಷನ್ ಹೊಡ್ಕೊಂಡ್ರಾ?" ಎಂದು ನಕ್ಕಳು.

ಮಂಗಳವಾರ ರಾಹುಕಾಲಕ್ಕೆ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿದೆ. ಅವಳಿಗೆ ಲೈಸೆನ್ಸ್ ಸಿಗಲಿ ಎಂದು ಬೇಡಿಕೊಳ್ಳಲು ಅತ್ತೆ ಹೇಳಿ ಕಳಿಸಿದ್ದರು. ಬೇಡಿಕೊಂಡೆ. ಆಮೇಲೆ, ಪಕ್ಕದವರಿಗೆ ಕೇಳಿಸದ ಹಾಗೆ, ಒಂದೇ ಒಂದು ಸಲ ನನಗೂ ಆ ಸೀಟು ಸಿಗಲಿ, ಅವರು ನನಗೂ ಹಾಗೇ ಕಲಿಸಲಿ ತಾಯಿ ಎಂದೆ.

ಅವಳು ಮೊದಲ ಸಲ ನೀರು ತುಂಬಿಸಿಕೊಂಡು ಹೊರಟ ದಿನ, ಉತ್ತರಹಳ್ಳಿ ಕಡೆಯ ಏರಿನಲ್ಲಿ ಮುಂದಿದ್ದ ಆಟೋ ನಿಧಾನವಾಯಿತು. ನಮ್ಮ ಗಾಡಿ ಮೂರನೆಯ ಗೇರಿನಲ್ಲಿ ಏದುಸಿರು ಬಿಡತೊಡಗಿತು. ಅವಳ ಕೈ ಕಡ್ಡಿಯ ಮೇಲೇ ನಿಂತುಹೋಯಿತು.

"ಅಕ್ಕಾ!"

"ಕ್ಲಚ್ ಒತ್ತು. ನ್ಯೂಟ್ರಲ್. ಕ್ಲಚ್ ಬಿಡು. ಆಕ್ಸಿಲರೇಟರ್ ಒಂದ್ಸಲ ಒತ್ತು, ಸದ್ದು ಏರ್ಲಿ. ಹ್ಞಾ, ಈಗ ಕ್ಲಚ್. ಸೆಕೆಂಡ್ ಹಾಕು."

ಗೇರು ಬಿತ್ತು. ಗಾಡಿ ಏರು ಹತ್ತಿತು. ಯಜಮಾನರು ನನ್ನ ಮುಖ ನೋಡಿದರು. "ನಾನಿನ್ನೂ ಬಾಯೇ ಬಿಟ್ಟಿರ್ಲಿಲ್ವಲ್ಲೇ."

"ಇಷ್ಟು ದಿನ ಎಲ್ಲಾ ನನ್ನ ಬಾಯಿಂದಾನೇ ಹೋಗಿರೋದು. ನನಗೂ ಕಲಿಸಿ."

"ಲೈಸೆನ್ಸ್ ಎಲ್ಲೈತೆ ನಿನಗೆ?"

"ರೋಡಿಗೆ ಬೇಡ. ನಮ್ಮ ಸೈಟಲ್ಲೇ ಕಲಿಸಿ."

ಭಾನುವಾರ ಬೋರಿನ ಪಕ್ಕದ ನಮ್ಮ ಖಾಲಿ ಸೈಟಿನಲ್ಲಿ, ಖಾಲಿ ಟ್ಯಾಂಕರ್ ಹತ್ತಿದೆ. ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಈಗ ವಾರಗಿತ್ತಿ ನಡುವೆ. ಅವಳಿಗೂ ಯಜಮಾನರಿಗೂ ಮಧ್ಯೆ ಕಂಬಳಿಯ ಸುರುಳಿಯನ್ನು ಗೋಡೆಯ ಹಾಗೆ ನಿಲ್ಲಿಸಿದ್ದಾಯಿತು. ಮೊದಲ ಗೇರಿನಲ್ಲಿ ಗಾಡಿ ಹೊರಟಿತು. ಬಾಯಿಗೆ ಬಂದದ್ದು ಕಾಲಿಗೆ ಬರಬೇಕಲ್ಲ. ಎರಡನೆಯದಕ್ಕೆ ಹೋದಾಗ ಕ್ಲಚ್ ಅರ್ಧಕ್ಕೇ ನಿಂತು ಗೇರು ಕಿರುಚಿತು.

"ಏಯ್! ತುಳಿ ಅಂದ್ರೆ ರಂಗೋಲಿ ಮೇಲೆ ಕಾಲಿಟ್ಟಂಗೆ ಇಡ್ತೀಯಲ್ಲೇ! ಗೇರ್‌ಬಾಕ್ಸ್ ಕೈಗೆ ಕೊಡ್ತೀಯಾ?"

ನನಗೆ ನೇರವಾಗಿಯೇ ಬಂದಿತ್ತು ಮಾತು. ಬ್ರೇಕ್ ಒತ್ತಿದೆ. ಕಣ್ಣು ತುಂಬಿತು.

ವಾರಗಿತ್ತಿ ನನ್ನ ಕಡೆಗೇ ತಿರುಗಿ ಗಟ್ಟಿಯಾಗಿ ಹೇಳಿದಳು: "ಅಕ್ಕಾ, ಭಾವಂಗೆ ಹೇಳಿ. ನನಗೆ ಒಂದಿನಾನೂ ಹಿಂಗೆ ಬೈದಿಲ್ಲ. ಬೈದಿದ್ರೆ ನನಗೂ ಬರ್ತಿರ್ಲಿಲ್ಲ ಅಂತ."

"ಕೇಳಿಸ್ತಾ?" ಎಂದೆ.

ಯಜಮಾನರು ಕೆಮ್ಮಿದರು. ಕಂಬಳಿಯ ಸುರುಳಿಯನ್ನು ಸುಮ್ಮನೆ ಸರಿಮಾಡಿದರು. "ಆಯ್ತು. ಇನ್ನೊಂದ್ಸಲ ನೋಡು. ಅವಸರ ಇಲ್ಲ," ಎಂದರು, ಮೆತ್ತಗೆ.

ಅದನ್ನೂ ಅವಳೇ ಕೊಡಿಸಬೇಕಾಯಿತು ಎನ್ನುವುದು ಇವತ್ತಿಗೂ ಚುಚ್ಚುತ್ತದೆ. ಆದರೆ ದೇವರು ಯಾರ ಕೈಯಲ್ಲಿ ಕಳಿಸಿದರೂ ಪ್ರಸಾದ ಬೇಡ ಎನ್ನುವವಳಲ್ಲ ನಾನು. ಕ್ಲಚ್ಚನ್ನು ಈ ಸಲ ಪೂರ್ತಿ ಒತ್ತಿದೆ.