ದೀಪದ ಹತ್ತಿರ ಇಟ್ಟ ಫೋನು

ಐವರ್ನಾಡಿನ ಕಮಲಾವತಿಗೆ ಮಕ್ಕಳಿಲ್ಲ. ಅದನ್ನು ಅವಳು ಒಂದು ದಿನವಾದರೂ ಮರೆಯಲಿ ಅಂತ ಯಾರೂ ಬಿಟ್ಟವರಲ್ಲ. ಮದುವೆ ಮನೆಯಲ್ಲಿ ಮದುಮಗಳಿಗೆ ಅರಶಿನ ಹಚ್ಚುವಾಗ ಬಟ್ಟಲು ಅವಳ ಕೈಗೆ ಬಾರದೆ ಪಕ್ಕದವಳಿಗೆ ದಾಟುತ್ತಿತ್ತು. ಅತ್ತೆ ದೇವಮ್ಮ ಗಬ್ಬ ನಿಲ್ಲದ ದನವನ್ನು ಬೈಯುವಾಗ ದನದ ಮುಖ ನೋಡುತ್ತಿರಲಿಲ್ಲ.

ಗಂಡ ಧರ್ಮಪಾಲ ಹಾಗಲ್ಲ. ಅವನದು ರಬ್ಬರು ಟ್ಯಾಪಿಂಗ್ ಕೆಲಸ. ಸ್ವಂತದ್ದು ಸ್ವಲ್ಪ, ಉಳಿದದ್ದು ಬೇರೆಯವರ ತೋಟ. ಬೆಳಿಗ್ಗೆ ಅವ ಮರ ಕೆತ್ತಿಕೊಂಡು ಹೋದ ಹಾಗೆ ಹಿಂದಿನಿಂದ ಕಮಲಾವತಿ ಚಿಪ್ಪಿಗೆ ಇಳಿದ ರಬ್ಬರು ಹಾಲು ಒಟ್ಟು ಮಾಡುವುದು. ಹಾಗೆ ಮಾಡುವಾಗ ಒಂದು ದಿನ ಅವನೇ ಮಾತು ತೆಗೆದ.

"ಕಮಲ, ಒಂದು ಮಗು ತರುವಾ?"

"ಎಲ್ಲಿಂದ? ಸುಳ್ಯದ ಸಂತೆಯಿಂದಲಾ?"

"ಸರಕಾರ ಕೊಡ್ತದೆ ಮಾರಾಯ್ತಿ. ಅಪ್ಪ ಅಮ್ಮ ಇಲ್ಲದ ಮಕ್ಕಳು ಉಂಟಲ್ಲ. ಹೆಸರು ಕೊಟ್ಟು ಕಾಯಬೇಕು."

ಹೆಸರು ಕೊಟ್ಟರು. ದತ್ತು ಕೊಡುವ ಮಕ್ಕಳ ಆಫೀಸಿನಿಂದ ನಶೀದಾ ಅಂತ ಒಬ್ಬಳು ಮೇಡಂ ಮನೆ ನೋಡಲಿಕ್ಕೆ ಬಂದಳು. ಬಾವಿಗೆ ಕಟ್ಟೆ ಉಂಟಾ ನೋಡಿದಳು. ಮಲಗುವ ಕೋಣೆ ನೋಡಿದಳು. ಆಮೇಲೆ ದೇವಮ್ಮನ ಹತ್ತಿರ ಕೂತು ಕೇಳಿದಳು, "ಅಜ್ಜಿ, ನಿಮಗೆ ಒಪ್ಪಿಗೆ ಉಂಟಾ?"

"ನನ್ನದೆಂತ ಉಂಟು? ಅಷ್ಟು ಕೋಳಿ ಸಾಕ್ತಾರೆ, ಅದರೊಟ್ಟಿಗೆ ದಾರಿಯಲ್ಲಿ ಸಿಕ್ಕಿದ ಒಂದು ಬೆಕ್ಕಿನ ಮರಿಯನ್ನೂ ಸಾಕ್ಲಿ."

ಧರ್ಮಪಾಲ ದೊಡ್ಡದಾಗಿ ನಕ್ಕು ಅದನ್ನು ತಮಾಷೆ ಮಾಡಿದ. ಮೇಡಂ ನಗಲಿಲ್ಲ. ಹೋಗುವಾಗ ಇಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿ ಬಿಡಿಸಿ ಹೇಳಿದಳು. ಸರತಿ ಬಂದಾಗ ಫೋನಿಗೆ ತಿಳಿಸುತ್ತಾರೆ. ಮಗುವಿನ ಫೋಟೋ, ವಿವರ ತೋರಿಸುತ್ತಾರೆ. ಎರಡು ದಿನದ ಒಳಗೆ ಬೇಕು ಅಂತ ಹೇಳಬೇಕು. ಹೇಳದಿದ್ದರೆ ಮಗು ಮುಂದಿನವರಿಗೆ.

"ಕಮಲಕ್ಕ, ನಿಮ್ಮ ನಂಬರೂ ಒಂದು ಇರಲಿ."

"ನನ್ನ ಫೋನು ರಬ್ಬರು ಹಾಲಿನ ಬಕೆಟಿಗೆ ಬಿತ್ತು ಮೇಡಂ."

"ಅದು ರಬ್ಬರು ಶೀಟಾಗಿ ಕೊಟ್ಟಾಯಂ ಮಾರ್ಕೆಟಿಗೆ ಹೋಗಿ ಆಯ್ತು," ಅಂದ ಧರ್ಮಪಾಲ. "ನನ್ನದೇ ಸಾಕು. ನಾನು ಎತ್ತದೆ ಇರುದುಂಟಾ?"

ಆಮೇಲೆ ಕಾದರು. ಒಂದು ಮಳೆಗಾಲ ಹೋಯಿತು, ಎರಡು ಹೋಯಿತು, ಮೂರೂ ಹೋಯಿತು. ಧರ್ಮಪಾಲ ಒಮ್ಮೆ ಚಾರ್ಜು ಮಾಡಿದರೆ ವಾರ ನಿಲ್ಲುವ ತನ್ನ ಬಟನ್ ಫೋನನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಅಂಗಿಯ ಜೇಬಲ್ಲಿ ಇಡುತ್ತಿದ್ದ. ಟಿಂಗ್ ಅಂದರೆ ಸಾಕು, ಕತ್ತಿ ಬಿಟ್ಟು ನೋಡುವುದು. ರೀಚಾರ್ಜ್ ಮಾಡಿ ಅಂತ ಇರುತ್ತಿತ್ತು. ಲೋನ್ ಬೇಕಾ ಅಂತ ಇರುತ್ತಿತ್ತು.

ಕೂತಲ್ಲಿ ಕೂರಲಾರದೆ ಅವ ಒಂದು ಸಣ್ಣ ಮಣೆ ಮಾಡಿದ. ಮಗು ಕೂತು ಉಣ್ಣಲಿಕ್ಕೆ. ಕಡಿದು ಹಾಕಿದ ರಬ್ಬರು ಮರದ್ದು.

"ರಬ್ಬರಿನ ಮರವನ್ನು ಹುಳ ತಿಂತದೆ," ಅಂದಳು ಕಮಲಾವತಿ.

"ಹುಳ ತಿನ್ನುವ ಮೊದಲು ಮಗು ಬರ್ತದೆ."

ಮಗು ಬರುವ ಮೊದಲು ಕಣಜ ಬಂತು. ಆ ವರ್ಷ ಮಳೆ ಬಿಟ್ಟ ಮೇಲೆ, ತೋಟದ ಮೇಲಿನ ಸಾಲಲ್ಲಿ ಎಲೆಯ ಮರೆಯಲ್ಲಿ ಕಣಜದ ಹುಳದ ಗೂಡು ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಮರಕ್ಕೆ ಕತ್ತಿ ತಾಗಿದ್ದೇ ಹುಳಗಳು ಎದ್ದು ಅವನನ್ನು ಮುತ್ತಿದವು. "ಕಮಲ, ಬರ್ಬೇಡ, ಓಡು," ಅಂತ ಅವ ಕೂಗಿದ್ದು ಕೇಳಿತು. ಅವಳು ಓಡಿದಳು. ಅವನಿಂದ ಆಚೆಗೆ ಓಡಿದಳು. ಸುಳ್ಯದ ಆಸ್ಪತ್ರೆಗೆ ಮುಟ್ಟುವಾಗ ಅವನ ಜೀವ ಇರಲಿಲ್ಲ. ಮುಖ ಊದಿ ಯಾರದ್ದೋ ಮುಖವಾಗಿತ್ತು. ಜೇಬಲ್ಲಿ ತೊಟ್ಟೆಯ ಒಳಗೆ ಫೋನಿಗೆ ಎಂತದೂ ಆಗಿರಲಿಲ್ಲ.

ಆ ಮನೆಯ ಕ್ರಮ ಹೀಗೆ. ಹೆಣ ಮಲಗಿಸಿದ ಜಾಗದಲ್ಲಿ ದೀಪ ಹಚ್ಚಿ ಇಡುತ್ತಾರೆ. ಹತ್ತಿರ ಒಂದು ಚೊಂಬು ನೀರು, ಸತ್ತವ ದಿನಾ ಮುಟ್ಟುತ್ತಿದ್ದ ಸಾಮಾನು. ಬೊಜ್ಜದವರೆಗೆ ಅದನ್ನು ಯಾರೂ ಮುಟ್ಟಬಾರದು. ಬೊಜ್ಜದ ದಿನ ಉತ್ತರಕ್ರಿಯೆ ಮಾಡಿ, ಸತ್ತವನನ್ನು ಹೆಸರು ಹಿಡಿದು ಕರೆದು ಮನೆಯ ಹಿರಿಯರೊಟ್ಟಿಗೆ ಸೇರಿಸುವುದು. ಅಲ್ಲಿಯವರೆಗೆ ಅವ ಅಂಗಳದಲ್ಲಿ ನಿಂತ ಹಾಗೆ. ಸಾಮಾನು ಯಾರಾದರೂ ಮುಟ್ಟಿದರೆ ತನಗೆ ಇಲ್ಲಿ ಜಾಗ ಇಲ್ಲ ಅಂತ ತಿರುಗಿ ಹೋಗುತ್ತಾನೆ, ಆಮೇಲೆ ಕರೆದರೂ ಬರುವುದಿಲ್ಲ ಅಂತ ಹೇಳುತ್ತಾರೆ.

ಟ್ಯಾಪಿಂಗ್ ಕತ್ತಿ ಇಟ್ಟರು. ತಲೆಗೆ ಕಟ್ಟುವ ಟಾರ್ಚು ಇಟ್ಟರು. ಫೋನು ಇಟ್ಟದ್ದು ಕಮಲಾವತಿಯೇ. ಅವನ ಜೀವ ಅದರಲ್ಲೇ ಇತ್ತು ಅಂತ ಇಟ್ಟಳು.

ಬೊಜ್ಜಕ್ಕೆ ಇನ್ನೂ ನಾಲ್ಕೈದು ದಿನ ಇರುವಾಗ, ಮಧ್ಯಾಹ್ನ ಗಂಜಿ ಉಣ್ಣುವ ಹೊತ್ತಿಗೆ, ದೀಪದ ಹತ್ತಿರ ಫೋನು ಟಿಂಗ್ ಅಂತು. ಸ್ವಲ್ಪ ಹೊತ್ತಲ್ಲಿ ಗಂಟೆ ಹೊಡೆಯಲಿಕ್ಕೆ ಶುರುವಾಯಿತು. ಉಣ್ಣುತ್ತಿದ್ದವರ ಕೈ ನಿಂತಿತು. ಧರ್ಮಪಾಲನ ಅಣ್ಣ ಚನಿಯಪ್ಪ, ಮೇಲಿನ ಮನೆಯವ, ಎದ್ದು ಬಗ್ಗಿ ನೋಡಿದ. ಮುಟ್ಟಲಿಲ್ಲ.

"ನಶೀದಾ ಅಂತ ಬರ್ತಾ ಉಂಟು," ಅಂದ.

ಕಮಲಾವತಿ ಎದ್ದಳು. ಅವಳು ಏಳುವ ಮೊದಲೇ ದೇವಮ್ಮ ದೀಪಕ್ಕೆ ಅಡ್ಡ ಬಂದು ಕೂತಾಗಿತ್ತು.

"ಎಲ್ಲಿಗೆ?"

"ಅತ್ತೆ, ಅದು ಮಗುವಿನದ್ದು. ಸರತಿ ಬಂದಿರಬೇಕು. ಎರಡು ದಿನದೊಳಗೆ ಹೇಳಬೇಕು."

"ಫೋನು ಬಂದದ್ದು ಯಾರಿಗೆ? ನನ್ನ ಮಗನಿಗೆ. ಎತ್ತುದಾದರೆ ಅವ ಎತ್ಲಿ."

"ಅತ್ತೆ..."

"ಮುಟ್ಟು. ಮುಟ್ಟು ನೋಡುವ. ಅವ ಇನ್ನು ಕಾಡಲ್ಲಿ ಕಣಜದೊಟ್ಟಿಗೇ ತಿರುಗ್ಲಿ. ನಿನಗೆ ಮಗು ಸಿಗ್ಲಿ."

ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಕಮಲಾವತಿ ಅಲ್ಲೇ ನಿಂತಿದ್ದಳು. ಅತ್ತೆಯ ಹೆದರಿಕೆ ಅವಳಿಗೆ ಇರಲಿಲ್ಲ. ಮುದುಕಿಯನ್ನು ಒಂದು ಕೈಯಲ್ಲಿ ದೂಡಬಹುದಿತ್ತು. ಹೆದರಿಕೆ ಆದದ್ದು ಅಂಗಳದಲ್ಲಿ ನಿಂತವನದ್ದು. ಒಂದು ಸಲ ಅವನನ್ನು ಬಿಟ್ಟು ಓಡಿ ಆಗಿತ್ತು. ಇನ್ನೊಮ್ಮೆ ಬಿಡುವುದು ಹೇಗೆ?

ಅವಳು ಚನಿಯಪ್ಪನ ಕಡೆ ತಿರುಗಿದಳು.

"ಭಾವ, ನಂಬರ್ ಕಾಣ್ತದಲ್ಲ. ನಿಮ್ಮ ಫೋನಿಂದ ಒಂದು ಕಾಲ್ ಮಾಡಿ. ಹೀಗೆ ಹೀಗೆ ಆಯ್ತು, ಆದರೂ ಮಗು ಬೇಕು ಅಂತ ಹೇಳಿ. ನಿಮ್ಮ ಕಾಲು ಹಿಡೀತೇನೆ."

ಚನಿಯಪ್ಪ ನಂಬರ್ ಒತ್ತಿಕೊಂಡ. "ನನ್ನ ಸಿಮ್ಮಿಗೆ ಇಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡೆಗೆ ಹೋಗಿ ಮಾಡ್ತೇನೆ. ಸೂತಕದಲ್ಲಿ ನೀನು ಮನೆ ದಾಟಬಾರ್ದು, ಕೂತ್ಕೊ," ಅಂದ.

ಸಂಜೆ ಅವನೇ ಬಂದು ಹೇಳಿದ, "ಹೇಳಿ ಆಯ್ತು."

"ಎಂತ ಅಂದ್ರು?"

"ಸರಿ ಅಂದ್ರು."

ಕಮಲಾವತಿ ಆ ದಿನ ಸಮಾ ನಿದ್ದೆ ಮಾಡಿದಳು. ಸೂತಕದ ಮನೆಯಲ್ಲಿ ನಿದ್ದೆ ಬಂತಲ್ಲ ಅಂತ ಅವಳಿಗೇ ನಾಚಿಕೆಯಾಯಿತು. ಮರುದಿನವೂ ಫೋನು ಒಂದು ಸಲ ಕೂಗಿತು. ಆಮೇಲೆ ಚಾರ್ಜು ಮುಗಿದು ಸತ್ತಿತು.

ಬೊಜ್ಜ ಆಯಿತು. ಮಗ ಇಲ್ಲದವನಿಗೆ ಅಣ್ಣನೇ ಎಲ್ಲ ಮಾಡಿದ. ಬಾಗಿಲಲ್ಲಿ ನಿಂತು, "ಧರ್ಮಪಾಲ, ಬಾ, ಒಳಗೆ ಬಾ," ಅಂತ ಕರೆದ. ಬಂದ ಅಂತ ಎಲ್ಲರೂ ಹೇಳಿದರು. ಕಮಲಾವತಿಗೂ ಬಂದ ಹಾಗೆ ಕಂಡಿತು. ಮಾರನೆ ದಿನ ಸಾಮಾನು ತೆಗೆದರು. ಅವಳು ಫೋನಿಗೆ ಚಾರ್ಜು ಹಾಕಿ, ಮನೆಯಲ್ಲಿ ಇನ್ನೂ ನೆಂಟರ ಗದ್ದಲ ಇದ್ದದ್ದರಿಂದ ಗುಡ್ಡೆಗೆ ಹೋಗಿ ನಶೀದಾಳಿಗೆ ಕಾಲ್ ಮಾಡಿದಳು.

"ಕಮಲಕ್ಕ," ಅಂದಳು ಮೇಡಂ. "ನನಗೆ ಮಾತಾಡ್ಲಿಕ್ಕೇ ಆಗ್ತಾ ಇಲ್ಲ. ನಿಮ್ಮ ಭಾವ ಎಲ್ಲ ಹೇಳಿದ್ರು."

"ಮಗುವನ್ನು ಯಾವಾಗ ನೋಡ್ಲಿಕ್ಕೆ ಬರಬೇಕು ಮೇಡಂ?"

ಕಮಲಾವತಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಮೇಡಂ?"

"ನಿಮಗೆ ಇನ್ನು ಮಗು ಬೇಡ ಅಂತ ಹೇಳಿದ್ರಲ್ಲ ಅವರು. ನೀವೇ ಹೇಳ್ಲಿಕ್ಕೆ ಹೇಳಿದ್ದು ಅಂತ. ನಿಮ್ಮ ಬಾಯಿಂದ ಕೇಳುವ ಅಂತ ನಾನು ಮರುದಿನ ಪುನಃ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಎರಡು ದಿನ ಕಳೆಯಿತು. ಮಗು ಬೇರೆಯವರಿಗೆ ಹೋಯ್ತು ಅಕ್ಕ. ಅವರು ಆಗ್ಲೇ ಒಪ್ಪಿ ಆಗಿದೆ."

ಗುಡ್ಡೆ ಇಳಿದು ಅವಳು ಸೀದಾ ಮೇಲಿನ ಮನೆಗೆ ಹೋದಳು. ಚನಿಯಪ್ಪ ಜಗಲಿಯಲ್ಲಿ ಕೂತು ಬೊಜ್ಜದಲ್ಲಿ ಉಳಿದ ಕೋಳಿ ಸಾರಲ್ಲಿ ರೊಟ್ಟಿ ಅದ್ದಿ ತಿನ್ನುತ್ತಿದ್ದ. ದೇವಮ್ಮನೂ ಅಲ್ಲೇ ಇದ್ದಳು.

"ಭಾವ, ಮಗು ಬೇಡ ಅಂತ ಹೇಳಿದ್ದು ನೀವಾ?"

ಅವ ಅಡಗಿಸಲಿಲ್ಲ. ಎಲುಬು ಚೀಪಿ ಬದಿಗಿಟ್ಟು ಹೇಳಿದ, "ಹೌದು. ಎಂತ ತಪ್ಪು? ಗಂಡನ ಬೂದಿ ಆರ್ಲಿಲ್ಲ, ಹೆಂಡತಿಗೆ ತೊಟ್ಟಿಲು ಬೇಕಾ? ಜನ ಉಗೀಲಿಕ್ಕಿಲ್ವಾ?"

"ಸರಿ ಅಂದ್ರು ಅಂತ ನನ್ನ ಹತ್ತಿರ ಹೇಳಿದ್ರಲ್ಲ."

"ಅವರು ಸರಿ ಅಂದದ್ದೇ. ನಾನು ಬೇಡ ಅಂದೆ, ಅವರು ಸರಿ ಅಂದ್ರು. ಸುಳ್ಳು ಎಲ್ಲಿ ಉಂಟು?"

"ಯಾರದ್ದೋ ಹುಟ್ಟು ಬಂದು ನನ್ನ ಮಗನ ಜಾಗದಲ್ಲಿ ಕೂತು ಉಣ್ಣುದು ಬೇಡ," ಅಂದಳು ದೇವಮ್ಮ. "ನಿನಗೆ ಒಂದು ಹೊತ್ತಿನ ಗಂಜಿ ಉಂಟು. ಅದನ್ನು ಕುಡ್ದು ಬಿದ್ದಿರು."

ಮಗು ಹೋಗಿದ್ದರೂ ಒಂದು ಸಲ ಮುಖ ನೋಡಬೇಕು ಅಂತ ಕಮಲಾವತಿಗೆ ಆಸೆ. ನಶೀದಾ ಬೇರೆ ಕೆಲಸಕ್ಕೆ ಪುತ್ತೂರಿಗೆ ಬರುವ ದಿನ ಕೇಳಿಕೊಂಡು ಬಸ್ಸು ಹಿಡಿದು ಹೋದಳು. ಬಸ್‌ಸ್ಟ್ಯಾಂಡಿನ ಹತ್ತಿರ ಹೋಟ್ಲಲ್ಲಿ ಇಬ್ಬರೂ ಎದುರೆದುರು ಕೂತರು. ಚಾ ಆರಿತು. ಯಾರೂ ಕುಡಿಯಲಿಲ್ಲ.

"ಫೋಟೋ ಒಂದು ತೋರಿಸಿ ಮೇಡಂ. ಮುಟ್ಟುದಿಲ್ಲ."

"ಆಗುದಿಲ್ಲ ಅಕ್ಕ. ಅದು ಈಗ ಬೇರೆಯವರ ಮಗು."

"ಗಂಡಾ, ಹೆಣ್ಣಾ?"

ನಶೀದಾ ಆರಿದ ಚಾ ಬದಿಗೆ ಸರಿಸಿದಳು. "ಹೆಣ್ಣು. ಎರಡು ವರ್ಷ ಆಗ್ತಾ ಬಂತು. ಮುಂದಿನ ಹಲ್ಲು ಬಿಟ್ಟು ಬಿಟ್ಟು ಉಂಟು. ಇನ್ನು ಕೇಳ್ಬೇಡಿ."

"ಆ ದಿನ ನಾನು ಫೋನು ಎತ್ತಿ ಬೇಕು ಅಂದಿದ್ರೆ ಸಿಗ್ತಿತ್ತಾ?"

"ಅದನ್ನು ಹೇಗೆ ಹೇಳುದು? ಹೆಸರು ಇದ್ದದ್ದು ಇಬ್ಬರದ್ದು. ಮೇಲಿನವರ ಹತ್ತಿರ ಕೇಳಬೇಕಿತ್ತು. ಸಿಗ್ತಿತ್ತೋ ಏನೋ. ಕೇಳ್ಲಿಕ್ಕೇ ಆಗ್ಲಿಲ್ಲಲ್ಲ." ಆಮೇಲೆ ಹೇಳಿದಳು, "ನಿಮ್ಮೊಬ್ಬರ ಹೆಸರಲ್ಲಿ ಹೊಸತಾಗಿ ಕೊಡಬಹುದು. ಪುನಃ ಮೊದಲಿಂದ ಕಾಯಬೇಕು. ನಿಮಗೆ ಏನಾದರೂ ಆದರೆ ಮಗುವನ್ನು ನೋಡ್ತೇನೆ ಅಂತ ಸಂಬಂಧಿಕರು ಯಾರಾದರೂ ಬರೆದು ಕೊಡಬೇಕು. ಯಾರು ಇದ್ದಾರೆ ನಿಮಗೆ?"

ಕಮಲಾವತಿ ಯೋಚನೆ ಮಾಡಿದಳು. ಅಪ್ಪ ಅಮ್ಮ ಸತ್ತು ವರ್ಷ ಆಯಿತು. ಒಡಹುಟ್ಟಿದವರಿಲ್ಲ.

"ಭಾವ ಇದ್ದಾರೆ," ಅಂದಳು.

ಬಸ್ಸು ಹತ್ತಿ ಬಂದಳು.

ಒಂದು ವರ್ಷ ಅದೇ ಮನೆಯಲ್ಲಿ ಅತ್ತೆ, ಭಾವ ಇಬ್ಬರ ಮುಖ ನೋಡಿಕೊಂಡು ಬದುಕಿದಳು. ಮರ ಕೆತ್ತಲು ಕಲಿತಳು. ಮಾತು ಬಿಟ್ಟಳು. ಅವ ಸತ್ತು ವರ್ಷ ತುಂಬುವ ವರ್ಷಾಂತದ ದಿನ ಬಂತು. ಸತ್ತವನಿಗೆ ಎಲೆ ಹಾಕಿ ಬಡಿಸಬೇಕು. ಬಡಿಸಿ ಹೇಳಬೇಕಾದ್ದನ್ನು ಹಿರಿಯ ಗಂಡಸು ಹೇಳಿ, ಬಾಗಿಲು ಹಾಕಿ ಎಲ್ಲರೂ ಹೊರಗೆ ಬರಬೇಕು. ಅವ ಉಂಡಾದ ಮೇಲೆ ಬಾಗಿಲು ತೆಗೆಯುವುದು.

ಕಮಲಾವತಿಯೇ ಅಡಿಗೆ ಮಾಡಿದಳು. ಎಲೆಗೆ ಕೋಳಿ, ರೊಟ್ಟಿ, ಒಂದು ಗ್ಲಾಸು ಶೇಂದಿ. ಅಷ್ಟರಲ್ಲಿ ದೇವಮ್ಮ ಅಟ್ಟದಿಂದ ಆ ಸಣ್ಣ ಮಣೆಯನ್ನು ಇಳಿಸಿ ತಂದು ದೊಡ್ಡ ಎಲೆಯ ಬದಿಯಲ್ಲಿ ಇಟ್ಟಳು. ಅದರ ಮುಂದೆ ಬಾಳೆಯ ಒಂದು ಸಣ್ಣ ತುದಿ ಎಲೆ. ಮುದುಕಿಗೆ ಎಂತ ಕಂಡಿತೋ.

"ಅವನಿಗೆ ಆಸೆ ಇತ್ತು," ಅಂದಳು. "ಅದಕ್ಕೂ ಒಂದು ಬಡಿಸಿಬಿಡುವ. ಮುಗೀಲಿ."

ಕಮಲಾವತಿ ಆ ಎಲೆಯನ್ನು ಎತ್ತಿ ಎರಡು ತುಂಡು ಮಾಡಿ ಅತ್ತೆಯ ಮಡಿಲಿಗೆ ಬಿಸಾಡಿದಳು.

"ಅದು ಸಾಯ್ಲಿಲ್ಲ ಅತ್ತೆ. ಯಾರದ್ದೋ ಮನೆಯಲ್ಲಿ ಕೂತು ಉಣ್ತಾ ಉಂಟು. ಬದುಕಿದ ಮಗುವಿಗೆ ಹೆಣದ ಎಲೆ ಹಾಕ್ಬೇಡಿ."

ಕಮಲಾವತಿ ಭಾವನ ಕಡೆ ತಿರುಗಿದಳು.

"ನೀವು ಹೇಳಿ ಭಾವ. ಎಲೆಯ ಎದುರು ನಿಂತು ಹೇಳಿ, ಮಗು ಎಲ್ಲಿ ಹೋಯ್ತು ಅಂತ. ನಿಮ್ಮ ತಮ್ಮ ಕಾದು ಕೂತಿದ್ದಾರೆ."

ಚನಿಯಪ್ಪ ಕೈ ಮುಗಿದು ನಿಂತ. ಎಲೆಯ ಎದುರು ಸುಳ್ಳು ಹೇಳಿದ ಗಂಡಸು ಆ ಮನೆಯಲ್ಲಿ ಇಲ್ಲ ಅಂತ ಅವಳು ಮದುವೆಯಾಗಿ ಬಂದ ದಿನದಿಂದ ಕೇಳಿದ್ದಳು. ಅವ ಗಂಟಲು ಸರಿ ಮಾಡಿದ.

"ತಮ್ಮಾ, ನಮ್ಮ ಕೈಲಾದ್ದನ್ನು ಬಡಿಸಿದ್ದೇವೆ. ಉಣ್ಣು. ಮಗು ಸಿಗ್ಲಿಲ್ಲ. ನಮಗೆ ಯೋಗ ಇಲ್ಲ."

ಹೇಳಿ ಮುಗಿಸಿದ. ನಾಲಿಗೆ ತಡವರಿಸಲಿಲ್ಲ. ಮೇಲಿನಿಂದ ಎಂತದೂ ಬೀಳಲಿಲ್ಲ.

"ಬನ್ನಿ, ಬಾಗಿಲು ಹಾಕುವ," ಅಂದ.

"ನೀವು ಹೋಗಿ. ನಾನು ಬರುದಿಲ್ಲ."

"ಅವ ಉಣ್ಣುವಾಗ ಒಳಗೆ ಇದ್ದವರು ಬದುಕುದಿಲ್ಲ. ಏಳು."

"ಕೊಲ್ಲುದಾದರೆ ಅವರೇ ಕೊಲ್ಲಲಿ."

ಅತ್ತೆಯೂ ಭಾವನೂ ಬೈದರು. ಕೈ ಹಿಡಿದು ಎಳೆದರು. ರಬ್ಬರು ಕತ್ತಿ ಹಿಡಿದು ಗಟ್ಟಿಯಾದ ಕೈ ಅದು, ಬಿಡಿಸಿಕೊಂಡಿತು. ಕೊನೆಗೆ ಹೊರಗಿನಿಂದ ಬಾಗಿಲು ಎಳೆದುಕೊಂಡರು.

ಒಳಗೆ ದೀಪ ಒಂದೇ. ಕಮಲಾವತಿ ಸಣ್ಣ ಮಣೆಯನ್ನು ಎಲೆಯ ಎದುರಿಗೆ ಎಳೆದು ಅದರ ಮೇಲೆ ಕುಕ್ಕರಿಸಿ ಕೂತಳು. ಮಣೆಯಿಂದ ಹುಳ ತಿಂದ ಹಿಟ್ಟು ಉದುರಿತು.

"ನಿಮ್ಮ ಅಣ್ಣ ಹೇಳಿದ್ದು ಸುಳ್ಳು," ಅಂದಳು. "ಮಗು ಸಿಕ್ಕಿತ್ತು. ಹೆಣ್ಣು. ಮುಂದಿನ ಹಲ್ಲು ಬಿಟ್ಟು ಬಿಟ್ಟು ಉಂಟಂತೆ. ಭಾವ ಬೇಡ ಅಂದ್ರು, ಅತ್ತೆ ಅಡ್ಡ ಕೂತ್ರು, ನಾನು ನಿಮಗೆ ಹೆದರಿ ಎತ್ತಲಿಲ್ಲ."

ಎಲೆಯ ಮೇಲಿನ ಸಾರು ಆರಿ ಎಣ್ಣೆ ಕಟ್ಟಿತ್ತು. ಯಾರೂ ಮುಟ್ಟಿರಲಿಲ್ಲ.

"ಫೋನು ನಿಮ್ಮ ಹತ್ತಿರವೇ ಇತ್ತು. ನೀವೂ ಎತ್ತಲಿಲ್ಲ."